ಬನಿಯನ್ ಮಾವನ ಅಮೆರಿಕ ಪ್ರವಾಸ

ಕೊಯಮತ್ತೂರು, ತಿರುಪ್ಪೂರು ಕಡೆಯ ಕನ್ನಡ ಮಾತಿನ ನೇಕಾರ ದೇವಾಂಗರಲ್ಲಿ ಇಂಥ ಮಾವ ಮನೆಗೊಬ್ಬರು ಇದ್ದೇ ಇರುತ್ತಾರೆ. ತಾತ ಕೈಮಗ್ಗದಲ್ಲಿ ಸೀರೆ ನೇಯ್ದರು, ಅಪ್ಪ ಪವರ್‌ಲೂಮ್ ಹಾಕಿದರು, ಇವರು ತಿರುಪ್ಪೂರಿಗೆ ಹೋಗಿ ಬನಿಯನ್ ಕಂಪನಿ ತೆರೆದರು. ಮನೆಯಲ್ಲಿ ಕನ್ನಡ, ಕಂಪನಿಯಲ್ಲಿ ಕೊಂಗು ತಮಿಳು, ಬೈಯರ್ ಹತ್ತಿರ ಇಮೇಲ್ ಇಂಗ್ಲಿಷು. ಮೂರರಲ್ಲೂ ಹೇಳುವುದು ಒಂದೇ: "ಶಿಪ್‌ಮೆಂಟ್ ನಾಳೆ ಹೊರಡುತ್ತೆ."

ಮಗಳ ಬಾಣಂತನಕ್ಕೆಂದು ಅತ್ತೆ ನ್ಯೂಜೆರ್ಸಿಗೆ ಹೊರಟಾಗ ಮಾವನೂ ಹೊರಟರು, ಪ್ರವಾಸಿ ವೀಸಾದಲ್ಲಿ. ಸೂಟ್‌ಕೇಸಿನಲ್ಲಿ ಕುಲದೇವತೆ ಚೌಡೇಶ್ವರಿಯ ಪಟ, ಬಟ್ಟೆಯ ತೂಕ (ಚದರ ಮೀಟರಿಗೆ ಎಷ್ಟು ಗ್ರಾಂ) ನೋಡಲು ತುಂಡು ಕತ್ತರಿಸುವ ಜಿಎಸ್‌ಎಂ ಕಟರ್. ಬಂದದ್ದೇಕೆ ಎಂದ ಇಮಿಗ್ರೇಷನ್ ಅಧಿಕಾರಿಗೆ, "ಸುಮ್ಮನೆ ನೋಡಿಕೊಂಡು ಹೋಗೋಕೆ" ಎಂದರು. ಸುಳ್ಳೇನಲ್ಲ. ನೋಡಿದ್ದು ಮಾತ್ರ ತಿರುಪ್ಪೂರನ್ನು, ಫೋನಿನಲ್ಲಿ.

ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ತಿರುಪ್ಪೂರಿನಲ್ಲಿ ಬೆಳಗ್ಗೆ 8.30ಕ್ಕೆ ಶಿಫ್ಟ್ ಶುರುವಾದರೆ ಅಲ್ಲಿ ರಾತ್ರಿ 11. ಮನೆಮಂದಿ ಮಲಗುತ್ತಿದ್ದಂತೆ ಮಾವ ಮೊಮ್ಮಗನನ್ನು ಹೆಗಲಿಗೇರಿಸಿ, ವಿಡಿಯೋ ಕಾಲಿನಲ್ಲಿ ಕಟಿಂಗ್ ಮಾಸ್ಟರನ್ನು ಹಿಡಿಯುತ್ತಾರೆ. ನಡುರಾತ್ರಿ ಒಂದೂವರೆಗೆ ತಿರುಪ್ಪೂರಿನಲ್ಲಿ ಟೀ ಬಂದರೆ ಇವರಿಗೂ ಟೀ ಬೇಕು. ಮಗು ಓವರ್‌ಲಾಕ್ ಮಷೀನಿನ ಸದ್ದಿಗೆ ಎಷ್ಟು ಒಗ್ಗಿತೆಂದರೆ, ತಿರುಪ್ಪೂರಿನಲ್ಲಿ ಕರೆಂಟ್ ಹೋದಾಗಲೆಲ್ಲ ನ್ಯೂಜೆರ್ಸಿಯಲ್ಲಿ ಎದ್ದು ಅಳುತ್ತಿತ್ತು.

ಅಳಿಯ ಸಾಫ್ಟ್‌ವೇರಿನವನು, ಹೆದರುಪುಕ್ಕಲ. "ಮಾವ, ಪ್ರವಾಸಿ ವೀಸಾದಲ್ಲಿ ಬಂದು ಕೆಲಸ ಮಾಡೋ ಹಾಗಿಲ್ಲ."

"ಕೆಲಸ ಎಲ್ಲಿ ಮಾಡ್ತಿದ್ದೀನಿ? ಬೈತಾ ಇದ್ದೀನಿ, ಅಷ್ಟೇ."

ನ್ಯೂಜಿಲೆಂಡ್ ಆದರೆ 2025ರ ಜನವರಿ 27ರಿಂದ ಪ್ರವಾಸಿಗರು ತಮ್ಮ ದೇಶದ ಕಂಪನಿಗೆ ಅಲ್ಲಿಂದಲೇ ಕೆಲಸ ಮಾಡಲು ಒಪ್ಪಿದೆ ಎಂದು ಅಳಿಯ ವಿವರಿಸಿದ. ಮಾವ ಯೋಚಿಸಿ ಹೇಳಿದರು: "ಅಲ್ಲಿ ನಮ್ಮವರ ಪೈಕಿ ಒಳ್ಳೇ ಗಂಡು ಇದ್ದರೆ ನೋಡು, ಚಿಕ್ಕವಳಿಗೆ."

ಊರು ತೋರಿಸೋಣವೆಂದು ಕರೆದೊಯ್ದರೆ ಮಾವ ಹೊಕ್ಕಿದ್ದು ಬಟ್ಟೆ ಅಂಗಡಿ. ಟೀ ಶರ್ಟುಗಳನ್ನೆಲ್ಲ ಒಳಮೈ ಹೊರಗೆ ಮಾಡಿ ಹೊಲಿಗೆ ಎಳೆದು ನೋಡಿದರು. ಲೇಬಲ್ ಬಾಂಗ್ಲಾದೇಶದ್ದಾದರೆ ನಿಟ್ಟುಸಿರು, ಭಾರತದ್ದಾದರೆ, "ಇದು ಯಾರ ಪೀಸು? 160 ಜಿಎಸ್‌ಎಂ ಕೂಡ ಇಲ್ಲ!" ಕಾವಲುಗಾರ ಹಿಂದೆಯೇ ಸುತ್ತಿದ. ಮಾವ ಅವನ ಸಮವಸ್ತ್ರದ ಕಾಲರನ್ನೂ ಮುಟ್ಟಿ ನೋಡಿದರು.

ಅದೇ ವರ್ಷದ ಆಗಸ್ಟ್ 27ಕ್ಕೆ ಅಮೆರಿಕ ಭಾರತದ ಹಲವು ಸರಕಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿತು. ನ್ಯೂಯಾರ್ಕಿನ ಬೈಯರ್ ಡಿಸ್ಕೌಂಟ್ ಕೇಳಲು ತಿರುಪ್ಪೂರಿಗೆ ಫೋನು ಮಾಡಿದ. ನದಿಯ ಈಚೆ ದಡದ ನ್ಯೂಜೆರ್ಸಿಯಲ್ಲೇ ಸೋಫಾದ ಮೇಲೆ ಕೂತಿದ್ದ ಮಾವ ಮ್ಯಾನೇಜರನಿಗೆ ಹೇಳಿಕೊಟ್ಟರು: "ಓನರ್ ಫಾರಿನ್‌ಗೆ ಹೋಗಿದ್ದಾರೆ ಅನ್ನು."

ಊರಿಗೆ ಮರಳಿದ ಮೇಲೆ ಅಮೆರಿಕ ಹೇಗಿದೆ ಎಂದರೆ, "ದೊಡ್ಡ ದೇಶ. ನೆಟ್‌ವರ್ಕ್ ಚೆನ್ನಾಗಿದೆ" ಎನ್ನುತ್ತಾರೆ.

ಇಂಥ ಮಾವ ನಿಮ್ಮ ಮನೆಗೂ ಬರುವವರಿದ್ದರೆ, ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಟಿಕೆಟನ್ನು ಭಾನುವಾರಕ್ಕೇ ತೆಗೆಸಿ. ಶನಿವಾರ ತಿರುಪ್ಪೂರಿನಲ್ಲಿ ವಾರದ ಸಂಬಳದ ಬಟವಾಡೆ. ಮಾವ ದೇವಿಗೆ ಬೆನ್ನು ಹಾಕಿ ಲೆಕ್ಕ ಕೇಳುತ್ತಾರೆ. ಭಾನುವಾರವಾದರೂ ರಾತ್ರಿ 11ರೊಳಗೆ ಮನೆ ಸೇರಿಸಿಬಿಡಿ. ಅಷ್ಟು ಹೊತ್ತಿಗೆ ಅಲ್ಲಿ ಸೋಮವಾರ.