ಸೋಪಾನಗಣಕ ಮೀಮಾಂಸೆ

ಮನುಷ್ಯನ ದಿನದ ನಡಿಗೆಯ ಲೆಕ್ಕವಿಡಲು ಮಣಿಕಟ್ಟಿನ ಸ್ಮಾರ್ಟ್‌ವಾಚೇ ಶ್ರೇಷ್ಠ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಹೆಜ್ಜೆಯಲ್ಲದ್ದನ್ನು ಹೆಜ್ಜೆಯೆಂದು ಎಣಿಸುವುದು ಅತಿವ್ಯಾಪ್ತಿ, ಇಟ್ಟ ಹೆಜ್ಜೆಯನ್ನು ಎಣಿಸದಿರುವುದು ಅವ್ಯಾಪ್ತಿ. ಕೂತಲ್ಲೇ ತೆಂಗಿನಕಾಯಿ ತುರಿದವರಿಗೂ ವಾಚು ಒಂದಷ್ಟು ಹೆಜ್ಜೆ ದಯಪಾಲಿಸೀತು. ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಎರಡೂ ಕೈಯಲ್ಲಿ ಚೀಲ ಹಿಡಿದು, ಕೈ ಬೀಸದೆ ನಡೆದು ಬಂದವರಿಗೆ ಸಲ್ಲಬೇಕಾದ್ದನ್ನೂ ಮುರಿದುಕೊಂಡೀತು. ಎರಡು ದೋಷಗಳೂ ಒಂದೇ ಕೈಗೆ ಸಿಕ್ಕುವುದು ತರ್ಕಶಾಸ್ತ್ರದ ವಿದ್ಯಾರ್ಥಿಗಳ ಭಾಗ್ಯ. ಇನ್ನು ದಿನಕ್ಕೆ 10,000 ಹೆಜ್ಜೆಯೆಂಬ ವಿಧಿಗೆ ಶ್ರುತಿಯೂ ಇಲ್ಲ, ಸ್ಮೃತಿಯೂ ಇಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆಮಾಪಕಕ್ಕೆ ಆ ಸಂಖ್ಯೆಯ ಹೆಸರಿಟ್ಟು ಮಾರಿತು. ಅಂಗಡಿಯ ಮಾತು ಕ್ರಮೇಣ ವೈದ್ಯರ ಮಾತಾಯಿತು.

ಇದಕ್ಕೆ ಸಿದ್ಧಾಂತ ಮೈಸೂರಿನಲ್ಲೇ ಇದೆ. ಚಾಮುಂಡಿ ಬೆಟ್ಟ ಹತ್ತುವ ಹರಕೆಯವರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾರಲ್ಲ, ಎಣಿಕೆಯ ಆ ಸಾಧನಕ್ಕೆ ಸೋಪಾನಗಣಕವೆಂದು ಹೆಸರಿಡೋಣ. ಇದರ ಅಂಗಗಳು ಮೂರು: ದೊಡ್ಡದೇವರಾಜ ಒಡೆಯರ (1659–1673) ಕಾಲದ ಕಲ್ಲು, ಮನೆಯ ಕುಂಕುಮದ ಭರಣಿ, ಸ್ವಂತ ಬೆರಳು. ಗುರುತು ಹಾಕುವ ಶ್ರಮ ಗುರುತಿಸಬೇಕಾದ ಶ್ರಮಕ್ಕೆ ಸಮನಾಗಿರುವುದೇ ಇದರ ವಿಶೇಷ. ಸೋಫಾದ ಮೇಲೆ ಕೈಯಾಡಿಸಿ ವಾಚನ್ನು ನಂಬಿಸಬಹುದು. ಮುನ್ನೂರನೆಯ ಮೆಟ್ಟಿಲಿಗೆ ಕುಂಕುಮ ಹಚ್ಚಬೇಕಾದರೆ ಅಲ್ಲಿಗೆ ಸೊಂಟವೇ ಹೋಗಬೇಕು.

ಮೆಟ್ಟಿಲುಗಳ ಸಂಖ್ಯೆಯೇ ಇತ್ಯರ್ಥವಾಗಿಲ್ಲವಲ್ಲ ಎಂಬುದು ಮೊದಲ ಆಕ್ಷೇಪ. ನಿಜ. ಸಾವಿರವೆನ್ನುವವರು, ಸಾವಿರದ ಒಂದೆನ್ನುವವರು, ಸಾವಿರದೆಂಟೆಂದು ಆಣೆಯಿಡುವವರು ಒಂದೇ ಬೀದಿಯಲ್ಲಿದ್ದಾರೆ. ದಾರಿಯ ನಂದಿ ವಿಗ್ರಹ 700ನೆಯ ಮೆಟ್ಟಿಲಿನಲ್ಲೋ 800ನೆಯದರಲ್ಲೋ ಎಂಬುದರಲ್ಲೂ ಒಮ್ಮತವಿಲ್ಲ. ಆದರೆ ಮೆಟ್ಟಿಲಿಗೊಂದು ಬೊಟ್ಟು ಎಂದಮೇಲೆ ಸಂಖ್ಯೆ ಯಾರಿಗೆ ಬೇಕು? ಜರ್ಮನಿಯ ಗಣಿತಜ್ಞ ಕ್ಯಾಂಟರ್ ಅನಂತ ಗಣಗಳನ್ನು ಹೋಲಿಸಿದ್ದು ಹೀಗೆ ಒಂದಕ್ಕೊಂದು ಜೋಡಿಸಿಯೇ; ಹರಕೆಯವರು ಅದನ್ನು ಮಂಡಿನೋವಿನೊಡನೆ ಸಾಧಿಸುತ್ತಾರೆ.

ನನ್ನ ಬೊಟ್ಟು ಯಾವುದು, ಪಕ್ಕದವರದು ಯಾವುದು ಎಂದು ಆಮೇಲೆ ತಿಳಿಯದು ಎಂಬುದು ಎರಡನೆಯ ಆಕ್ಷೇಪ. ಇದನ್ನು ದೋಷವೆನ್ನುವವರು ತಮ್ಮ ಮಾಹಿತಿ ಯಾವ ದೇಶದ ಯಾವ ಸರ್ವರಿನಲ್ಲಿದೆಯೆಂದು ಮೊದಲು ಹೇಳಲಿ. ಇಲ್ಲಿ ಆಷಾಢ ಶುಕ್ರವಾರದ ಜನಸಂದಣಿ ಎಲ್ಲರ ದತ್ತಾಂಶವನ್ನೂ ಒಂದೇ ಕೆಂಪಿನಲ್ಲಿ ಬೆರೆಸುತ್ತದೆ, ಆಷಾಢದ ಮಳೆ ಅಳಿಸುತ್ತದೆ. ಪಾಸ್‌ವರ್ಡ್ ಮರೆಯುವ ಪ್ರಶ್ನೆಯಿಲ್ಲ. ಅಭ್ಯಾಸ ಬೇರೂರುವುದು ಗುರುತು ಹಾಕುವಾಗ. ಹಾಕಿದ್ದನ್ನು ಕೂಡಿಟ್ಟು ನೋಡುವಾಗಲ್ಲ. ಹೆಜ್ಜೆಲೆಕ್ಕದ ಹಳೆಯ ನಕ್ಷೆಗಳನ್ನು ಫೋನಿನಲ್ಲಿ ಸವರುತ್ತ ಕೂತವರು ಆ ಹೊತ್ತಿನಲ್ಲಿ ನಡೆದಿಲ್ಲವೆಂಬುದು ಪ್ರತ್ಯಕ್ಷಪ್ರಮಾಣ.

ಕುಂಕುಮದ ಖಾಲಿ ಪ್ಲಾಸ್ಟಿಕ್ ಪೊಟ್ಟಣಗಳನ್ನು ಮೆಟ್ಟಿಲ ಬದಿಗೆ ಎಸೆಯುತ್ತಾರೆಂಬ ದೂರಿಗೆ ಮಾತ್ರ ಸಮಾಧಾನವಿಲ್ಲ. ಭರಣಿಯನ್ನು ಸಾಧನದ ಅಂಗವಾಗಿ ಮೇಲೆ ಹೇಳಿದ್ದು ಅದಕ್ಕೇ.

ಕಡೆಯದಾಗಿ, ಸೋಪಾನಗಣಕ ಹತ್ತುವುದನ್ನಷ್ಟೇ ಎಣಿಸುತ್ತದೆ, ಇಳಿಯುವುದನ್ನಲ್ಲ ಎಂಬ ಆಕ್ಷೇಪ. ಹರಕೆ ಮುಗಿಸಿದವರಲ್ಲಿ ಬಹಳ ಮಂದಿ ಕೆಳಗಿಳಿಯಲು ನಗರ ಸಾರಿಗೆ ಬಸ್ಸು ಹಿಡಿಯುವುದರಿಂದ ಇದು ವಿಚಾರಕ್ಕೆ ಅರ್ಹವಲ್ಲ.