ಕೊಕ್ಕೆ ತೆಗೆಯುವ ಪೇಠೆ

ಕ್ರೋಶಾ ಕಲಿಯಬೇಕೆಂದು ಆಸೆಪಡುವವರಿಗೆ ನನ್ನ ಮೊದಲ ಸಲಹೆ ಸೂಜಿಯದ್ದಲ್ಲ, ದಾರದ್ದೂ ಅಲ್ಲ. ಹೊಗಳುವವರ ಹತ್ತಿರ ಕಲಿಯಬೇಡಿ. ನೀವು ಹಾಕಿದ ಚೌಕಕ್ಕೆ ಮೂರೇ ಮೂಲೆ ಇದ್ದರೂ "ಅಯ್ಯೋ, ಎಷ್ಟು ಚೆಂದ!" ಅನ್ನುವ ಅತ್ತಿಗೆ ನಾದಿನಿಯರ ಸಹವಾಸದಲ್ಲಿ ಈ ವಿದ್ಯೆ ಹತ್ತುವುದಿಲ್ಲ. ಆ ದೃಷ್ಟಿಯಿಂದ ನೋಡಿದರೆ ಪುಣೆಯ ಸದಾಶಿವ ಪೇಠೆಯಷ್ಟು ಪ್ರಶಸ್ತವಾದ ಜಾಗ ಇನ್ನೊಂದಿಲ್ಲ. ಇಲ್ಲಿ ಹೊಗಳಿಕೆಯ ಅಪಾಯವೇ ಇಲ್ಲ.

1761ರ ಪಾಣಿಪತ್ ಯುದ್ಧದಿಂದ ಮರಳಿ ಬಾರದ ಸದಾಶಿವರಾವ್ ಭಾವೂನ ಹೆಸರು ಹೊತ್ತ ಪೇಠೆ ಇದು. ಅಂದಿನಿಂದ ಇಲ್ಲಿಯವರು ಯಾವುದಕ್ಕೂ ಮುಂಗಡವಾಗಿ ಉತ್ಸಾಹ ತೋರಿಸುವುದಿಲ್ಲ. ಗೇಟಿನ ಮೇಲೆ, ಮೆಟ್ಟಿಲ ಬುಡದಲ್ಲಿ, ಅಂಗಡಿಯ ಗಲ್ಲೆಯ ಮುಂದೆ ಎಲ್ಲೆಲ್ಲೂ ಪಾಟಿಗಳು, ಅಂದರೆ ಬರಹದ ಹಲಗೆಗಳು: ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು, ವಿಳಾಸ ಕೇಳಬಾರದು, ಬೆಲ್ ಒಂದೇ ಸಲ ಒತ್ತಬೇಕು, ಮನೆಯವರು ಕಿವುಡರಲ್ಲ. ಧಾರವಾಡದಿಂದ ಮದುವೆಯಾಗಿ ಬಂದ ಹೊಸತರಲ್ಲಿ ಇವೆಲ್ಲ ನನ್ನನ್ನೇ ಉದ್ದೇಶಿಸಿ ಬರೆದವೆಂದು ನನಗೆ ಅನುಮಾನವಿತ್ತು. ಆಮೇಲೆ ತಿಳಿಯಿತು, ಪೇಠೆಯವರು ಪರಸ್ಪರರಿಗೇ ಬರೆದುಕೊಂಡದ್ದು.

ನಮ್ಮ ಕ್ರೋಶಾ ಗುರುಗಳು ಪೆರುಗೇಟಿನ ಹಿಂದಿನ ಗಲ್ಲಿಯಲ್ಲಿದ್ದಾರೆ. ಸುತ್ತಲಿನ ವಾಡೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾದರೂ ಇವರ ಕಟ್ಟಿಗೆಯ ಮೆಟ್ಟಿಲು ಇನ್ನೂ ಕಿರುಗುಟ್ಟುತ್ತಿದೆ. ಆಜಿ ಅನ್ನುತ್ತೇವೆ. ಎಂಬತ್ತು ದಾಟಿದೆ. ತವರು ಬೆಳಗಾವಿಯ ಟಿಳಕವಾಡಿ. ಹೀಗಾಗಿ ಲೆಕ್ಕವೆಲ್ಲ ಮರಾಠಿಯಲ್ಲಿ, ಬೈಗುಳ ಮಾತ್ರ ಎರಡೂ ಭಾಷೆಯಲ್ಲಿ. ಉಳಿದವರಿಗೆ ಮರಾಠಿಯಲ್ಲಿ ಬೈದು ಮುಗಿಸಿ, ಇನ್ನೂ ಸಮಾಧಾನವಾಗದ ಭಾಗವನ್ನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಾರೆ. ಫೀ ಇಲ್ಲ. ಬಾಗಿಲಿಗೊಂದು ಪಾಟಿ ಇದೆ: "ಚಪ್ಪಲಿ ಸಾಲಾಗಿ ಬಿಡಿ. ಸಾಲು ತಿಳಿಯದವರಿಗೆ ಹೆಣಿಕೆ ಬರುವುದಿಲ್ಲ."

ಮೊದಲು ಸಾಮಾನಿನ ಮಾತು. ಹಿಂಜವಡಿಯ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಕ್ಲಾಸಿಗೆ ಬಂದಾಗ ಅವಳ ಹತ್ತಿರ ಜಿಪ್ ಇದ್ದ ಚೀಲವೊಂದಿತ್ತು. ಅದರಲ್ಲಿ ಬಣ್ಣಬಣ್ಣದ ರಬ್ಬರ್ ಹಿಡಿಕೆಯ ಇಪ್ಪತ್ತಕ್ಕೂ ಮಿಕ್ಕಿ ಸೂಜಿಗಳು, ಪ್ಲಾಸ್ಟಿಕ್ ಕ್ಲಿಪ್ಪುಗಳು, ಸಾಲು ಎಣಿಸುವ ಯಂತ್ರ, ಟೇಪು, ಪುಟ್ಟ ಕತ್ತರಿ. ಆಜಿ ಚೀಲವನ್ನು ಬಿಡಿಸಿ, ಮಡಚಿ, ಕೇಳಿದ್ದು ಒಂದೇ ಪ್ರಶ್ನೆ: "ಕೈ ಎಷ್ಟಿವೆ ನಿನಗೆ?" ಒಂದು ಸೂಜಿ ತೆಗೆದುಕೊಟ್ಟು ಉಳಿದದ್ದನ್ನು ಟ್ರಂಕಿನ ಮೇಲಿಟ್ಟರು. ಅದು 4 ಮಿಲಿಮೀಟರಿನ ಅಲ್ಯೂಮಿನಿಯಂ ಸೂಜಿ. ಹೊಸಬರಿಗೆ ಅಷ್ಟೇ ಸಾಕು. ಅದಕ್ಕೆ ಹೊಂದುವ ನಡುಮಧ್ಯದ ದಪ್ಪದ, ನುಣುಪಾದ, ತಿಳಿ ಬಣ್ಣದ ದಾರ ಒಂದು ಉಂಡೆ. ತುಳಶಿಬಾಗದ ಬಜಾರಿಗೆ ಹೋದರೆ ಎರಡೂ ಸಿಗುತ್ತವೆ. ಆದರೆ ತುಳಶಿಬಾಗಕ್ಕೆ ಸೂಜಿ ತರಲು ಹೋದ ಯಾವ ಹೆಂಗಸೂ ಸೂಜಿಯೊಂದನ್ನೇ ತಂದ ದಾಖಲೆ ಇಲ್ಲ. ಅದಕ್ಕೆ ಮನೆಯವರನ್ನು ಕಳಿಸುವುದೇ ಲೇಸು, ನಂಬರು ಬರೆದುಕೊಟ್ಟು.

ನಂಬರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಉಲ್ಲನ್ನಿನ ಸೂಜಿಗಳು ಮಿಲಿಮೀಟರಿನಲ್ಲಿವೆ, ಅಂಕಿ ಹೆಚ್ಚಿದಷ್ಟೂ ದಪ್ಪ. ಸಣ್ಣ ಹತ್ತಿ ದಾರಕ್ಕೆ ಬಳಸುವ ಉಕ್ಕಿನ ಸೂಜಿಗಳ ಹಳೆಯ ನಂಬರುಗಳದು ತಿರುಗಾಮುರುಗಾ ಲೆಕ್ಕ, ಅಂಕಿ ಹೆಚ್ಚಿದಷ್ಟೂ ತೆಳು. ದಾರವೂ ಹಾಗೆಯೇ, 20ಕ್ಕಿಂತ 40 ಸಪೂರ. ಅಂಗಡಿಯಲ್ಲಿ ನಿಂತು ಇದರ ಕಾರಣ ಕೇಳಬೇಡಿ. ಪೇಠೆಯ ಅಂಗಡಿಕಾರ ಕಾರಣ ಹೇಳುವುದಿಲ್ಲ, ಮಧ್ಯಾಹ್ನ ಒಂದು ಗಂಟೆಯಾದರೆ ದಾರವನ್ನೂ ಕೊಡುವುದಿಲ್ಲ, ಮಲಗಲು ಹೋಗುತ್ತಾನೆ. ಎರಡು ಉಂಡೆ ಕೊಳ್ಳುವುದಾದರೆ ಲೇಬಲ್ಲಿನ ಮೇಲಿನ ಲಾಟ್ ನಂಬರು ಒಂದೇ ಇದೆಯೋ ನೋಡಿಕೊಳ್ಳಿ. ಬೇರೆ ಬೇರೆ ಸಲ ಬಣ್ಣ ಕುದಿಸಿದ ಎರಡು ಕೆಂಪು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅಕ್ಕತಂಗಿಯರಾಗಿರುತ್ತವೆ, ಮನೆಯ ಬಿಸಿಲಿಗೆ ಬಂದಮೇಲೆ ಓರಗಿತ್ತಿಯರು.

ಇನ್ನು ಕಪ್ಪು ಬಣ್ಣ. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪು ಉಡುವ ವಾಡಿಕೆ. ಮೊದಲ ಸಂಕ್ರಾಂತಿಯ ಕೂಸಿಗೆ ಕಪ್ಪು ಝಬಲಾ ಹಾಕಿ, ಸಕ್ಕರೆಯ ಹಲ್ವಾದ ಒಡವೆ ತೊಡಿಸಿ ಕೂಡಿಸುತ್ತಾರೆ. ಬಾಣಂತನ ಮುಗಿಸಿದ ಸೊಸೆಯೊಬ್ಬಳು ಕ್ಲಾಸಿಗೆ ಬಂದವಳೇ ಕಪ್ಪು ದಾರ ತೆಗೆದು, ಮಗುವಿನ ಸಂಕ್ರಾಂತಿಗೆ ಝಬಲಾ ಹಾಕಬೇಕು ಅಂದಳು. "ಆಗಲಿ. ಮೊಮ್ಮಗನ ಸಂಕ್ರಾಂತಿಗೆ ಆಗತದ" ಅಂತ ಆಜಿ ನನ್ನ ಕಡೆ ತಿರುಗಿ ಹೇಳಿದರು. ಕಪ್ಪಿನಲ್ಲಿ ಕುಣಿಕೆಯೂ ಕಾಣುವುದಿಲ್ಲ, ಕಿಂಡಿಯೂ ಕಾಣುವುದಿಲ್ಲ. ಕಣ್ಣು ಬೆರಳು ಎರಡೂ ಪಳಗುವ ತನಕ ಅದು ಬೇಡ. ರೋಮ ರೋಮ ಎದ್ದ ಮಖಮಲ್ಲಿನ ದಾರವೂ ಬೇಡ. ಅದು ಮುಟ್ಟಲಿಕ್ಕೆ ಹಿತ, ಬಿಚ್ಚಲಿಕ್ಕೆ ನರಕ.

ಬಿಚ್ಚುವುದು ಅಂದೆನಲ್ಲ, ಅದೇ ಈ ವಿದ್ಯೆಯ ದೊಡ್ಡ ಸೌಲಭ್ಯ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಹತ್ತಾರು ಕುಣಿಕೆಗಳು ಕಡ್ಡಿಯ ಮೇಲೆ ಒಟ್ಟಿಗೇ ಜೀವ ಹಿಡಿದಿರುತ್ತವೆ. ಒಂದು ಜಾರಿದರೆ ಕೆಳಗಿನ ತನಕ ಏಣಿ ಬಿತ್ತು. ಕ್ರೋಶಾದಲ್ಲಿ ಜೀವಂತ ಕುಣಿಕೆ ಸಾಮಾನ್ಯವಾಗಿ ಒಂದೇ. ಸೂಜಿ ತೆಗೆದು ದಾರ ಎಳೆದರೆ ಬೇಕಾದಲ್ಲಿಗೆ ಹಿಂದೆ ಹೋಗಿ, ಕುಣಿಕೆಗೆ ಮತ್ತೆ ಸೂಜಿ ತೂರಿಸಿ ಮುಂದುವರಿಯಬಹುದು. ದಾರ ಗುಂಗುರಾಗಿದ್ದರೆ ಕುರ್ಚಿಯ ಬೆನ್ನಿಗೆ ಸುತ್ತಿ, ಹಬೆ ತೋರಿಸಿ ಒಣಗಿಸಿದರೆ ನೆಟ್ಟಗಾಗುತ್ತದೆ. "ಉಸವ!" ಅಂದರೆ ಬಿಚ್ಚು. ಆಜಿ ಆ ಒಂದು ಮಾತು ಅಂದರೆ ಒಂದು ಸಂಜೆಯ ಕೆಲಸ ಅರ್ಧ ನಿಮಿಷದಲ್ಲಿ ಉಂಡೆಯಾಗುತ್ತದೆ. ಹಿಂಜವಡಿಯ ಹುಡುಗಿ ಮೊದಮೊದಲು ಕಣ್ಣಲ್ಲಿ ನೀರು ತರುತ್ತಿದ್ದಳು. ಈಗ ಆಫೀಸಿನಲ್ಲಿ ತನ್ನ ಕೈಕೆಳಗಿನವರಿಗೆ ಅದೇ ಮಾತು ಹೇಳುತ್ತಾಳಂತೆ.

ಸೂಜಿಯನ್ನು ಪೆನ್ನು ಹಿಡಿದಂತೆ ಹಿಡಿಯಬೇಕೋ, ಚಾಕು ಹಿಡಿದಂತೆ ಹಿಡಿಯಬೇಕೋ ಎಂದು ಎಲ್ಲರೂ ಕೇಳುತ್ತಾರೆ. ಎರಡೂ ಸರಿ. ನಿಜವಾದ ಕೆಲಸ ಇನ್ನೊಂದು ಕೈಯದು, ದಾರ ಬಿಗಿಯುವ ಕೈಯದು. ಹೊಸಬರೆಲ್ಲ ದಾರವನ್ನು ಸಾಲಗಾರನ ಕೊರಳಪಟ್ಟಿ ಎಂಬಷ್ಟು ಬಿಗಿ ಹಿಡಿಯುತ್ತಾರೆ. ಬುಡದ ಸರಪಳಿ ಬಿಗಿಯಾಯಿತೆಂದರೆ ಮುಂದಿನ ಸಾಲಿಗೆ ಸೂಜಿ ಒಳಗೇ ಹೋಗುವುದಿಲ್ಲ, ಕೆಳಗಿನ ಅಂಚು ಸೊಟ್ಟಗೆ ಎಳೆದುಕೊಳ್ಳುತ್ತದೆ. ಇದಕ್ಕೊಂದು ಸುಲಭ ಉಪಾಯವಿದೆ. ಬುಡದ ಸರಪಳಿಯನ್ನಷ್ಟೇ ಒಂದು ನಂಬರು ದಪ್ಪ ಸೂಜಿಯಲ್ಲಿ ಹಾಕಿ, ಆಮೇಲೆ ನಿಮ್ಮ ಸೂಜಿಗೆ ಬನ್ನಿ.

ಚೌಕ ತ್ರಿಕೋನವಾಗುವ ರೋಗ ಸಾರ್ವತ್ರಿಕ. ಪೇಠೆಯ ತುಂಬ ಅಭ್ಯಾಸಿಕೆಗಳಿವೆ, ಸ್ಪರ್ಧಾ ಪರೀಕ್ಷೆಗೆ ಓದುವವರು ಕುರ್ಚಿ ಹಿಡಿಯುವ ಓದುಮನೆಗಳು. ಅಂಥದೊಂದರಿಂದ ಎಂಪಿಎಸ್‌ಸಿಗೆ ಓದುವ ಸೋಲಾಪುರದ ಹುಡುಗನೊಬ್ಬ ತಲೆ ಹಗುರ ಮಾಡಿಕೊಳ್ಳಲು ಬರುತ್ತಾನೆ. ಸಂವಿಧಾನದ ಯಾವ ವಿಧಿ ಕೇಳಿದರೂ ಬಾಯಲ್ಲೇ ಇದೆ. ಸಾಲಿನ ಕೊನೆಯ ಕುಣಿಕೆ ಯಾವುದೆಂದು ಕೇಳಿದರೆ ಮಾತ್ರ ಸೀಲಿಂಗ್ ನೋಡುತ್ತಾನೆ. ಪ್ರತಿ ಸಾಲಿಗೆ ಒಂದೊಂದು ಕುಣಿಕೆ ಬಿಟ್ಟು ಅವನ ಕೈವಸ್ತ್ರ ಧ್ವಜವಾಗಿತ್ತು. "ತಮ್ಮಾ, ಇದನ್ನ ಯಾವ ಗುಡಿ ಮ್ಯಾಲೆ ಏರಸೋದು?" ಅಂದರು ಆಜಿ, ಕನ್ನಡದಲ್ಲೇ. ಸೋಲಾಪುರದವನಾದ್ದರಿಂದ ಅವನಿಗೆ ಪೂರ್ತಿ ತಿಳಿಯಿತು, ಪಾಪ.

ಔಷಧ ಅಗ್ಗದ್ದು. ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಕುಣಿಕೆಗೆ ಒಂದೊಂದು ಸೇಫ್ಟಿ ಪಿನ್ನು. ಸಾಲು ಮುಗಿದಾಗಲೊಮ್ಮೆ ಬಾಯಿಬಿಟ್ಟು ಎಣಿಕೆ. ತಿರುಗುವಾಗ ಗಿಡ್ಡ ಕಂಬಕ್ಕೆ ಒಂದು ಸರಪಳಿ, ಉದ್ದ ಕಂಬಕ್ಕೆ ಮೂರು. ಎಣಿಸುವಾಗ ಯಾರು ಕರೆದರೂ ಓಗೊಡಬಾರದು. ಆಜಿಯ ಯಜಮಾನರು ಇದ್ದಷ್ಟು ಕಾಲ, "ಚಹಾ" ಅಂತ ಕೂಗಿದರೆ ಒಳಗಿನಿಂದ "ಸತ್ತೇಚಾಳೀಸ್" ಅಂತ ಉತ್ತರ ಬರುತ್ತಿತ್ತಂತೆ.

ಪುಸ್ತಕ ನೋಡಿ ಕಲಿಯುವವರು ಅದು ಅಮೆರಿಕದ್ದೋ ಇಂಗ್ಲೆಂಡಿನದ್ದೋ ಮೊದಲು ನೋಡಿಕೊಳ್ಳಬೇಕು. ನಮ್ಮ ಗಿಡ್ಡ ಕಂಬ ಅಮೆರಿಕದವರಿಗೆ ಸಿಂಗಲ್ ಕ್ರೋಶೆ, ಅದೇ ಇಂಗ್ಲೆಂಡಿನವರಿಗೆ ಡಬಲ್. ಇದನ್ನು ತಿಳಿಯದೆ ಶುರು ಮಾಡಿದರೆ ಟೀಪಾಯಿ ಹಾಸು ಹೋಗಿ ಜಮಖಾನೆ ಆಗುತ್ತದೆ. ಆಜಿಯ ಸಾಖಳಿ, ಖಾಂಬ, ಮುಕಾ ಖಾಂಬಗಳಿಗೆ, ಅಂದರೆ ಸರಪಳಿ, ಉದ್ದ ಕಂಬ, ಗಿಡ್ಡ ಕಂಬಗಳಿಗೆ, ಈ ತಾಪತ್ರಯವಿಲ್ಲ.

ದುಂಡನೆಯ ಹಾಸಿನ ಕತೆಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಗಿಡ್ಡ ಕಂಬದಲ್ಲಿ ಹಾಕುವುದಾದರೆ ನಡುವಿನ ಉಂಗುರದಲ್ಲಿ ಆರು. ಮುಂದಿನ ಸುತ್ತಿಗೆ ಹನ್ನೆರಡು, ಆಮೇಲೆ ಹದಿನೆಂಟು, ಇಪ್ಪತ್ನಾಲ್ಕು. ಸುತ್ತಿಗೆ ಆರಾರು ಏರಿದರೆ ನೆಲಕ್ಕೆ ಚಪ್ಪಟೆಯಾಗಿ ಕೂಡುತ್ತದೆ. ಏರಿಕೆ ಕಡಿಮೆಯಾದರೆ ಬಟ್ಟಲಾಗುತ್ತದೆ, ಟೋಪಿ ಹಾಕುವವರಿಗೆ ಅದೇ ಬೇಕು. ಹೆಚ್ಚಾದರೆ ಅಂಚೆಲ್ಲ ನಿರಿಗೆ. ಹಿಂಜವಡಿಯವಳು ಫೋನಿನಲ್ಲಿ ಮೀಟಿಂಗ್ ಕೇಳುತ್ತ ಹಾಕಿದ ಹಾಸು ಮಗುಚಿದರೂ ಮಲಗಿಸಿದರೂ ಕುಣಿಯುತ್ತಲೇ ಇತ್ತು. "ಕರದ ಹಪ್ಪಳ" ಅಂತ ಆಜಿಯ ತೀರ್ಪು. ಅಷ್ಟರಲ್ಲಿ ಪೇಪರು ಕೇಳಲು ಮೇಲೆ ಬಂದ ಕೆಳಮನೆಯ ನಿವೃತ್ತ ಗಣಿತ ಪ್ರಾಧ್ಯಾಪಕರು ಅದನ್ನು ಕೈಗೆತ್ತಿಕೊಂಡವರೇ ಚಪ್ಪಲಿಯ ಸಾಲನ್ನೂ ಮರೆತು ಒಳಗೆ ಬಂದು ಕೂತರು. ಇದು ಹೈಪರ್‌ಬಾಲಿಕ್ ಸಮತಲ, ಅಂದರು. ಇದರ ಮೇಲೆ ತ್ರಿಕೋನ ಬರೆದರೆ ಮೂರು ಕೋನ ಕೂಡಿದರೂ 180 ಡಿಗ್ರಿ ಆಗುವುದಿಲ್ಲ. ಕಾಗದದಲ್ಲಿ ಮಾದರಿ ಮಾಡಿದರೆ ಬೇಗ ಹರಿಯುತ್ತದೆ. ಲ್ಯಾಟ್ವಿಯಾದಿಂದ ಬಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಡೈನಾ ಟೈಮಿನಾ ಎಂಬ ಗಣಿತಜ್ಞೆ 1997ರಲ್ಲಿ ಇದನ್ನು ಕ್ರೋಶಾದಲ್ಲೇ ಹಾಕಿ ತೋರಿಸಿದರು. ಗೊತ್ತುಮಾಡಿದ ಲೆಕ್ಕದಲ್ಲಿ ಕುಣಿಕೆ ಏರಿಸುತ್ತ ಹೋಗುವುದೇ ಅದರ ಗುಟ್ಟು. ಹುಡುಗಿಯ ಮುಖ ಅರಳಿತು. ಆಜಿ ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು: "ಆಕಿ ಬೇಕಂತ ಮಾಡಿದ್ದು. ಈಕಿದು ತಾನ ಆಗೇದ." ನಂತರ ಹುಡುಗಿಯ ಕಡೆ ತಿರುಗಿ, "ಉಸವ!"

ಹಿಂದಿನ ಕಾಲದಲ್ಲಿ ಹೆಣಿಕೆಯ ಪರೀಕ್ಷೆ ಮದುವೆಯ ದಿನವೇ ನಡೆಯುತ್ತಿತ್ತು. ಮರಾಠಿ ಮದುವೆಗಳಲ್ಲಿ ರುಖವತ ಎಂದು ಇಡುತ್ತಾರೆ, ಹುಡುಗಿಯ ಕಡೆಯವರ ತಿಂಡಿ, ಕೈಕೆಲಸಗಳ ಪ್ರದರ್ಶನ. ಆಜಿಯ ರುಖವತದಲ್ಲಿ ಬಾಗಿಲ ತೋರಣ, ಹಾಲಿನ ಪಾತ್ರೆಗೆ ಮಣಿ ಪೋಣಿಸಿದ ಮುಚ್ಚಳದ ಜಾಲರಿ, ಒಂದು ದೊಡ್ಡ ಮೇಜುಹಾಸು ಇದ್ದವಂತೆ. ಬೀಗರು ಕನ್ನಡಕ ಹಾಕಿಕೊಂಡು ಬಂದು ಮೇಜುಹಾಸಿನಲ್ಲಿ ಒಂದು ಕಂಬ ತಪ್ಪಿದ್ದನ್ನು ಹುಡುಕಿದರು. ಹಾಸು ಈಗಲೂ ಇದೆ, ಬೀಗರಿಲ್ಲ. ಆ ಕಂಬ ತಪ್ಪೇ ಅಲ್ಲ, ನಕ್ಷೆಯೇ ಹಾಗಿತ್ತು ಎಂದು ಆಜಿ ಇಂದಿಗೂ ವಾದಿಸುತ್ತಾರೆ. ಇಂಥ ಹತ್ತಿಯ ಹಾಸನ್ನು ತೊಳೆದು, ತೆಳು ಗಂಜಿಗೆ ಅದ್ದಿ, ಹಾಸಿಗೆಯ ಮೇಲೆ ಪಿನ್ನು ಚುಚ್ಚಿ ಆಕಾರಕ್ಕೆಳೆದು ಒಣಗಿಸಬೇಕು. ಅರ್ಧ ಸೊಟ್ಟು ಅಲ್ಲೇ ಮುಚ್ಚಿಹೋಗುತ್ತದೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಹಾಕುವವರು ಹತ್ತಿಯಲ್ಲೇ ಹಾಕಿ. ಆಕ್ರಿಲಿಕ್ ಬಿಸಿಗೆ ಕರಗಿ ಕೈಗಂಟುತ್ತದೆ.

2016ರಲ್ಲಿ ಚೆನ್ನೈಯಲ್ಲಿ ಹೆಂಗಸರೆಲ್ಲ ಸೇರಿ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದ ಸುದ್ದಿಯನ್ನು ಒಮ್ಮೆ ಕ್ಲಾಸಿನಲ್ಲಿ ಓದಿ ಹೇಳಿದೆ. ನಮಗೆಲ್ಲ ರೋಮಾಂಚನ. ಆಜಿ ಸೂಜಿ ನಿಲ್ಲಿಸದೆ ಕೇಳಿದರು: "ಒಗಿಯೋರು ಯಾರು?"

ನಮ್ಮ ದೇಶದಲ್ಲಿ ಕ್ರೋಶಾದಿಂದಲೇ ಹೊಟ್ಟೆ ಹೊರೆಯುವವರೂ ಇದ್ದಾರೆ. ಆಂಧ್ರದ ನರಸಾಪುರದ ಸುತ್ತ 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ಕಲಿಸಿದ ಕ್ರೋಶಾ ಲೇಸನ್ನು ಇಂದಿಗೂ ಮನೆಮನೆಯ ಹೆಂಗಸರು ಹಾಕುತ್ತಾರೆ. ಕೈಯ ಕ್ರೋಶಾವನ್ನು ಹೂಬೇಹೂಬು ಹಾಕಿಕೊಡುವ ಯಂತ್ರ ಇನ್ನೂ ಕಾರ್ಖಾನೆಗೆ ಬಂದಿಲ್ಲ. ಯಂತ್ರದಿಂದ ಬರುವುದು ಬೇರೆ ಹೆಣಿಗೆ, ನೋಡಲಿಕ್ಕಷ್ಟೇ ಕ್ರೋಶಾ. ಅಂದರೆ ಅಂಗಡಿಯಲ್ಲಿ ತೂಗುವ ಒಂದೊಂದು ನಿಜವಾದ ತೋರಣದ ಹಿಂದೆ ಯಾರೋ ಒಬ್ಬಾಕೆ ಕೂತು ಎಣಿಸಿದ್ದಾಳೆ, ಚಹಾಕ್ಕೆ ಕರೆದರೂ ಓಗೊಡದೆ. ಪುಣೆಗೆ ಬಂದು ಅಂಥದೊಂದು ತೋರಣ ನಿಮಗೆ ಮೆಚ್ಚಿಗೆಯಾದರೆ ದಯವಿಟ್ಟು ಚೌಕಾಸಿ ಮಾಡಬೇಡಿ. ಮಾಡದಿದ್ದರೆ ಊಟ ಸೇರುವುದಿಲ್ಲ ಅನ್ನುವವರಿಗೆ ತುಳಶಿಬಾಗದಲ್ಲಿ ಸ್ಟೀಲ್ ಡಬ್ಬಿಯ ಅಂಗಡಿಗಳು ಬೇಕಾದಷ್ಟಿವೆ.