ಸೀರಿಯಲ್ ಪೋರ್ಟ್ ಮೀಮಾಂಸೆ: ಹೊಸೂರು ಪಾಠಾಂತರ

ಶಾಸ್ತ್ರಗ್ರಂಥಕ್ಕೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂದು ಹಿರಿಯರ ಅಪ್ಪಣೆ. ಆರ್‌ಎಸ್-232 ಎಂಬ 1960ರ ಸೀರಿಯಲ್ ಪೋರ್ಟ್ ಸಂಪ್ರದಾಯ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಇನ್ನೂ ಜೀವ ಹಿಡಿದುಕೊಂಡಿದ್ದರೂ, ಅದನ್ನು ಮಾತಾಡಿಸುವ ಸಾಫ್ಟ್‌ವೇರುಗಳ ಬಗ್ಗೆ ಇಂಥದೊಂದು ಗ್ರಂಥ ಇಲ್ಲದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲ.

ವಿಷಯ: ಪರದೆ, ಕೀಬೋರ್ಡ್ ಎರಡೂ ಇಲ್ಲದ ಕಂಪ್ಯೂಟರು, ಇಲ್ಲವೇ ಹಳೆಯ ಸಿಎನ್‌ಸಿ ಲೇತು. ಇಷ್ಟು ಸಾಕು.

ಅಧಿಕಾರಿ ಯಾರು? ಶಮದಮಾದಿಗಳುಳ್ಳವನು ಎಂದರು ವೇದಾಂತಿಗಳು. ಉಬುಂಟು ಇನ್ನೂ ಕಟ್ಟುನಿಟ್ಟು: ‘ಡಯಲ್‌ಔಟ್’ ಗುಂಪಿಗೆ ಸೇರದವನನ್ನು ‘ಪರ್ಮಿಷನ್ ಡಿನೈಡ್’ ಎಂದು ಹೊಸ್ತಿಲಲ್ಲೇ ತಡೆಯುತ್ತದೆ. ಸೇರಿದ ಮೇಲೂ ಒಮ್ಮೆ ಲಾಗ್‌ಔಟ್ ಆಗಿ ಮರಳಿ ಬರಬೇಕು. ದ್ವಿಜತ್ವ ಸಿದ್ಧಿಸುವುದು ಆಗಲೇ.

ಪಂಡಿತರ ಜಗಳವೆಲ್ಲ ಸಂಬಂಧದಲ್ಲಿ. ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಹೂವಿನವಳು ತಮಿಳಲ್ಲಿ ಬೆಲೆ ಹೇಳಿ, ತೆಲುಗಲ್ಲಿ ಚೌಕಾಸಿ ಕೇಳಿ, ಕನ್ನಡದಲ್ಲಿ ಚಿಲ್ಲರೆ ಎಣಿಸುತ್ತಾಳೆ. ಸೀರಿಯಲ್ ಪೋರ್ಟಿಗೆ ಆ ದಾಕ್ಷಿಣ್ಯವಿಲ್ಲ. ಕಂಪ್ಯೂಟರಿನ ಕನ್ಸೋಲು 115200 ವೇಗ, 8 ಬಿಟ್, ಪ್ಯಾರಿಟಿ ಬೇಡ ಎಂದರೆ, ಲೇತು 4800, 7 ಬಿಟ್, ಈವನ್ ಪ್ಯಾರಿಟಿ ಎಂದು ಪಟ್ಟು ಹಿಡಿಯುತ್ತದೆ. ವೇಗ ತಪ್ಪಿದರೆ ಪರದೆ ತುಂಬ ಶಾಸನತಜ್ಞರೂ ಓದಲಾರದ ಲಿಪಿ. ಏನೂ ಬಾರದಿದ್ದರೆ? ಇದು ಪ್ರಾಗಭಾವವೋ ಅತ್ಯಂತಾಭಾವವೋ ಎಂದು ಭಾಷ್ಯಕಾರರು ತರ್ಕಿಸುತ್ತಿರುವಾಗಲೇ ಶೆಡ್ಡಿನ ಹುಡುಗ, “ಕೇಬಲ್ಲಲ್ಲಿ ಎರಡು-ಮೂರು ಪಿನ್ನು ಅದಲುಬದಲು ಮಾಡಣ್ಣಾ” ಎಂದು ಹೇಳಿ ಟೀ ಕುಡಿಯಲು ಹೋಗುತ್ತಾನೆ. ಬೂಟ್ ಸಂದೇಶಗಳೆಲ್ಲ ಕಾಣುತ್ತವೆ, ಒತ್ತಿದ ಅಕ್ಷರ ಮಾತ್ರ ಹೋಗದು ಎಂಬ ‘ಮಿನಿಕಾಮ್’ ಸಾಫ್ಟ್‌ವೇರಿನ ಮೌನವ್ರತಕ್ಕೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಕಾರಣ. ಅದನ್ನು ಆಫ್ ಮಾಡಿದರೆ ವ್ರತಭಂಗ.

ಇನ್ನು ಪ್ರಯೋಜನ. ಬಣ್ಣ, ಮೆನು, ಸೌಕರ್ಯ ನೋಡಿ ಸಾಫ್ಟ್‌ವೇರ್ ಆರಿಸಬೇಕೆಂಬುದು ಪೂರ್ವಪಕ್ಷ. ಒಳಹೋಗಲು ಎಲ್ಲರಿಗೂ ಬರುತ್ತದೆ, ಹೊರಬರುವ ದಾರಿ ನೋಡಿ ಆರಿಸತಕ್ಕದ್ದು ಎಂಬುದು ನಮ್ಮ ಸಿದ್ಧಾಂತ. ‘ಪುಟ್ಟಿ’ ಎಂಬ ಸಾಫ್ಟ್‌ವೇರಿನದು ಭಕ್ತಿಮಾರ್ಗ: ಕಿಟಕಿ ಮುಚ್ಚಿದರಾಯಿತು. 1979ರ ಯುನಿಕ್ಸ್ ಕಾಲದ ‘ಸಿಯು’ವಿಗೆ ಸಾಲಿನ ಆರಂಭದಲ್ಲೇ ಟಿಲ್ಡೆ, ಚುಕ್ಕಿ ಎಂಬ ಬೀಜಾಕ್ಷರ ಬೇಕು. ವಿಂಡೋಸ್ 95ರ ಜೊತೆ ಬಂದ ಹೈಪರ್‌ಟರ್ಮಿನಲ್ ವಿಸ್ಟಾ ಹೊತ್ತಿಗೆ ತಾನೇ ಮುಕ್ತಿ ಪಡೆಯಿತು. ‘ಸ್ಕ್ರೀನ್’ ಎಂಬ ಸಾಫ್ಟ್‌ವೇರ್ ಅಪಾಯಕಾರಿ. ಕಂಟ್ರೋಲ್-ಎ, ಡಿ ಒತ್ತಿದವನು ಪಾರಾದೆನೆಂದು ಮನೆಗೆ ಹೋಗುತ್ತಾನೆ. ಅದು ಹಿನ್ನೆಲೆಯಲ್ಲಿ ಪೋರ್ಟು ಹಿಡಿದು ಕೂತು, ಮುಂದೆ ಬಂದವನ ಅಕ್ಷರಗಳನ್ನು ಅರ್ಧಂಬರ್ಧ ನುಂಗುತ್ತದೆ. ಕೊಲ್ಲಲು ‘ಕೆ’ ಒತ್ತಬೇಕಿತ್ತು.

ಆದ್ದರಿಂದ ಪಿಕೊಕಾಮ್ ಗ್ರಾಹ್ಯ. ವೇಗ, ಬಿಟ್, ಪ್ಯಾರಿಟಿ ಎಲ್ಲ ಒಂದೇ ಸಾಲಿನ ಆಜ್ಞೆಯಲ್ಲಿ ಅಡಕ. ಮಾರ್ಕರ್‌ನಲ್ಲಿ ಲೇತಿನ ಬಾಗಿಲ ಮೇಲೆ ಬರೆದಿಟ್ಟರೆ ರಾತ್ರಿ ಪಾಳಿಯವನು ಯಾರನ್ನೂ ಎಬ್ಬಿಸಬೇಕಿಲ್ಲ. ಬಿಡುಗಡೆಗೆ ಕಂಟ್ರೋಲ್-ಎ, ಕಂಟ್ರೋಲ್-ಎಕ್ಸ್.

ಸ್ಕ್ರೀನಿನ ಒಳಗೇ ಮಿನಿಕಾಮ್ ತೆರೆದವನ ಗತಿ ಏನೆಂದು ಶಿಷ್ಯರು ಕೇಳಬಹುದು. ಇಬ್ಬರದೂ ಮಂತ್ರ ಕಂಟ್ರೋಲ್-ಎ. ಮೊದಲ ಮಂತ್ರ ಸ್ಕ್ರೀನಿಗೆ ಸಲ್ಲುತ್ತದೆ, ಬಳಿಕ ಬರಿಯ ‘ಎ’ ಒತ್ತಿದರೆ ಮಂತ್ರ ಮಿನಿಕಾಮ್‌ಗೆ ತಲುಪುತ್ತದೆ, ಆಮೇಲೆ ಎಕ್ಸ್. ನಂತರವೂ ಸ್ಕ್ರೀನ್ ಉಳಿದೇ ಇರುತ್ತದೆ.